ಹಸಿರು ಬಳಿದ ಗರುಡ

ವೇದವತಿ: ಇದೂ ಹೋಯ್ತು. ಇದರ ಜೊತೆಗೆ ಮೂರು.

ಸುಬ್ಬರಾಮ: ಹೋಗ್ಲಿ ಬಿಡು. ಹೋಗೋ ಬಸ್ಸೆಲ್ಲಾ ನಮ್ಮದಾ?

ವೇದವತಿ: ಯಾವುದು ರೀ ನಮ್ಮದು? ಒಂದು ಗಂಟೆಯಿಂದ ಕಣ್ಣು ಬಿಟ್ಕೊಂಡು ನಿಂತಿದೀನಿ, ನಮ್ಮದು ಅನ್ನೋದು ಒಂದೂ ಕಾಣಿಸ್ತಿಲ್ಲ!

ಸುಬ್ಬರಾಮ: ಬರುತ್ತೆ ಕಣೇ. ಗರುಡ ಎಲ್ಲಾ ಬಸ್ಸಿನ ಹಾಗೆ ಹೇಳಿದ ಹೊತ್ತಿಗೆ ಓಡೋಡಿ ಬರೋ ಬಸ್ಸಲ್ಲ. ಅದಕ್ಕೊಂದು ಗತ್ತಿದೆ.

ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಫ್ಯಾಕ್ಟರಿಯ ಶಿಫ್ಟಿಗೆ ಹೋಗುವವರ ನೂಕುನುಗ್ಗಲು ಮುಗಿದು, ಕಡಲೆಕಾಯಿ ಬುಟ್ಟಿಯವರು ಬಂದು ಕೂರುವ ಹೊತ್ತು. ವೇದವತಿಯ ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗು, ಅದರೊಳಗೆ ಅವಳ ಟೀಚರ್ ಟ್ರೈನಿಂಗ್ ಸರ್ಟಿಫಿಕೇಟು. ಎಂಪ್ಲಾಯ್‌ಮೆಂಟ್ ಆಫೀಸಿನಲ್ಲಿ ಹೆಸರು ಬರೆಸಿ ಹದಿನಾರು ವರ್ಷವಾಗಿ, ಬರೆಸಿದ್ದೇ ಮರೆತುಹೋಗಿದ್ದಾಗ, ಮೊನ್ನೆ ಪೋಸ್ಟಿನಲ್ಲಿ ಒಂದು ಕಾಗದ ಬಂದಿತ್ತು. ಪಕ್ಕದ ಮತ್ತಿಗಿರಿಯ ಕನ್ನಡ ಶಾಲೆಗೆ ಒಬ್ಬ ಟೀಚರು ಬೇಕು. ಬುಧವಾರ ಹನ್ನೊಂದು ಗಂಟೆಯೊಳಗೆ ಕೃಷ್ಣಗಿರಿಯ ಕಚೇರಿಗೆ ಬಂದು ಅಸಲು ಸರ್ಟಿಫಿಕೇಟು ತೋರಿಸಬೇಕು. ತಪ್ಪಿದರೆ ಕೆಲಸ ಪಟ್ಟಿಯಲ್ಲಿ ಮುಂದಿರುವವರಿಗೆ. ಕೃಷ್ಣಗಿರಿಗೆ ಒಂದೂವರೆ ಗಂಟೆಯ ದಾರಿ, ಇವತ್ತೇ ಬುಧವಾರ.

ಪಕ್ಕದಲ್ಲಿ ನಿಂತಿದ್ದ ಆಕೆಯ ಗಂಡ ಸುಬ್ಬರಾಮ ತಾಲೂಕು ಕಚೇರಿಯ ಗುಮಾಸ್ತ. ಹೆಂಡತಿಯ ಜೊತೆಗೆಂದು ಒಂದು ದಿನ ರಜೆ ಹಾಕಿ, ಜರಿಯಂಚಿನ ಪಂಚೆ ಉಟ್ಟು ಬಂದಿದ್ದ. ಒಳ್ಳೆಯ ಮನುಷ್ಯನೇ. ಆದರೆ ಹಳದಿ ಮೈಮೇಲೆ ಕೆಂಪು ಗರುಡನ ಚಿತ್ರವಿದ್ದ ‘ಶ್ರೀ ಗರುಡವಾಹನ ಮೋಟಾರ್ ಸರ್ವಿಸ್’ ಬಿಟ್ಟು ಇನ್ನೊಂದು ಬಸ್ಸಿನ ಮೆಟ್ಟಿಲು ತುಳಿದವನಲ್ಲ.

ವೇದವತಿ: ಸಾರಿಗೆ ಒಂದು ಹರಳು ಉಪ್ಪು ಜಾಸ್ತಿಯಾದ್ರೆ ಬೀದಿಗೆಲ್ಲಾ ಕೇಳೋ ಹಾಗೆ ಕೂಗ್ತೀರಿ. ಆ ಗರುಡ ದಾರೀಲಿ ಎರಡು ಗಂಟೆ ಕೆಟ್ಟು ನಿಂತ್ರೆ, ‘ಪಾಪ, ಅದಕ್ಕೂ ಸುಸ್ತಾಗಲ್ವೇ’ ಅಂತೀರಿ.

ಸುಬ್ಬರಾಮ: ಸಾರು ದಿನಾ ಮಾಡ್ತೀಯ, ತಪ್ಪಬಾರದು. ಅದು ಮಿಷಿನ್ನು.

ವೇದವತಿ: ಹಾಗಾದ್ರೆ ನಾನು ಮಿಷಿನ್ನಾಗಿದ್ರೆ ಚೆನ್ನಾಗಿತ್ತು!

ಸುಬ್ಬರಾಮ: ನೋಡು ವೇದಾ, ಹದಿನೇಳು ವರ್ಷದ ಹಿಂದೆ ಕೃಷ್ಣಗಿರಿಗೆ ನಿನ್ನನ್ನ ನೋಡೋಕೆ ಬಂದಾಗ ಯಾವ ಬಸ್ಸಲ್ಲಿ ಬಂದೆ? ಗರುಡದಲ್ಲಿ. ಮೂರು ಗಂಟೆಗೆ ಅಂದಿದ್ರು ನಿಮ್ಮಪ್ಪ. ಮೂರಕ್ಕೆ ಸರಿಯಾಗಿ ತಂದು ಇಳಿಸ್ತು.

ವೇದವತಿ: ಹುಣಸೆಹಣ್ಣಿನ ಲಾರೀಲಿ ಬಂದ್ರಿ.

ಸುಬ್ಬರಾಮ: ಗರುಡದಲ್ಲಿ ಬಂದೆ.

ವೇದವತಿ: ರೀ, ಕಿಟಕೀಲಿ ನಿಂತು ನೋಡಿದೋಳು ನಾನು! ಮೂಟೆ ಮೇಲಿಂದ ಇಳಿದ್ರಿ. ತಲೇಲಿ ಹುಣಸೆ ನಾರಿತ್ತು.

ಸುಬ್ಬರಾಮ: ಅದು ಬೇರೆ ಯಾರೋ ವರ ಇರಬೇಕು.

ವೇದವತಿ ಬ್ಯಾಗನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಈ ವಾದ ಅವರ ಮನೆಯಲ್ಲಿ ಹದಿನೇಳು ವರ್ಷದಿಂದ ನಡೆಯುತ್ತಿತ್ತು, ಒಂದು ದಿನವೂ ಆತ ಸೋತಿರಲಿಲ್ಲ. ಅಷ್ಟರಲ್ಲಿ ಎದುರಿಗೆ ನಿಂತಿದ್ದ ಹಸಿರು ಬಸ್ಸಿನಿಂದ ಕಂಡಕ್ಟರ್ ಮುನಿವೆಂಕಟಪ್ಪ ಇಳಿದು ಬಂದ. ಬಸ್ಸಿನ ಮೈಮೇಲೆ ‘ಮಲರ್‌ವಿಳಿ ಟ್ರಾನ್ಸ್‌ಪೋರ್ಟ್’ ಎಂದು ದಪ್ಪ ಅಕ್ಷರ. ಬಣ್ಣ ಇನ್ನೂ ಹಸಿಯಾಗಿರುವಂತೆ ಹೊಳೆಯುತ್ತಿತ್ತು.

ಮುನಿವೆಂಕಟಪ್ಪ: ಕೃಷ್ಣಗಿರಿಗಾ ಅಮ್ಮಾ? ಹತ್ತಿ ಹತ್ತಿ, ಸೀಟೈತೆ. ಐದು ನಿಮಿಸಕ್ಕೆ ಎತ್ತುಬುಡ್ತೀವಿ.

ಸುಬ್ಬರಾಮ: ನಾವು ಗರುಡಕ್ಕೆ ಕಾಯ್ತಿದೀವಿ.

ಮುನಿವೆಂಕಟಪ್ಪ: ಗರುಡನಾ? ಗರುಡ ಹೋಗ್ಬುಡ್ತಲ್ಲ ಸಾಮಿ!

ಸುಬ್ಬರಾಮ: ಅಯ್ಯೋ! ಎಷ್ಟೊತ್ತಿಗೆ ಹೋಯ್ತು?

ಮುನಿವೆಂಕಟಪ್ಪ: ಹೋದ ತಿಂಗ್ಳು.

ವೇದವತಿ: ಹಾಗಾದ್ರೆ ಕಾಯೋಣ ರೀ. ಅದರ ಸ್ಪೀಡಿಗೆ ಇನ್ನೇನು ಕೃಷ್ಣಗಿರಿ ಮುಟ್ಟಿ ವಾಪಸ್ ಬರೋ ಹೊತ್ತು.

ಮುನಿವೆಂಕಟಪ್ಪ: ಅಂಗಲ್ಲಮ್ಮಾ. ಓನರು ಕಂಪ್ನೀನೇ ಮಾರ್ಬುಟ್ರು. ಗರುಡ ಅನ್ನೋದೇ ಇಲ್ಲ ಈಗ.

ಸುಬ್ಬರಾಮ: ಪ್ಯಾಸೆಂಜರ್ ಹಿಡಿಯೋಕೆ ಏನು ಬೇಕಾದ್ರೂ ಹೇಳ್ತೀಯಲ್ಲಯ್ಯಾ! ನನಗೆ ಒಂದು ಮಾತು ಹೇಳದೆ ಗರುಡ ಕಂಪನಿ ಮುಚ್ತಾರಾ?

ಮುನಿವೆಂಕಟಪ್ಪ: ಸಾಮಿಯವ್ರು ಪಾಲುದಾರ್ರಾ?

ವೇದವತಿ: ಅಲ್ಲಪ್ಪಾ, ಭಕ್ತರು.

ಸುಬ್ಬರಾಮ ಮುಖ ತಿರುಗಿಸಿಕೊಂಡು, ಬೆಂಗಳೂರು ಕಡೆಯ ರಸ್ತೆಯನ್ನೇ ನೋಡುತ್ತ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ಆಗ ಮುನಿವೆಂಕಟಪ್ಪ ದನಿ ತಗ್ಗಿಸಿದ.

ಮುನಿವೆಂಕಟಪ್ಪ: ಅಮ್ಮಾ, ಇದೇ ಆ ಗಾಡಿ. ನಮ್ಮ ಓನರು ತಕ್ಕೊಂಡು ಮ್ಯಾಲೆ ಹಸ್ರು ಬಳ್ಸವ್ರೆ, ಅಷ್ಟೇಯ. ಇಂಜಿನ್ನೂ ಅದೇ, ಸೀಟೂ ಅದೇ. ಯೋಳ್ಲಾ ಸಾಮಿಗೆ?

ವೇದವತಿ: ಬೇಡಪ್ಪಾ, ಹೇಳಬೇಡ. ನೀನು ಹೇಳಿದ್ರೂ ನಂಬಲ್ಲ ಅವರು.

ಆಕೆಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಸಿಟ್ಟಿನಲ್ಲೇ ಹಸಿರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

ಸುಬ್ಬರಾಮ: ಏ, ಏ ವೇದಾ! ಎಲ್ಲಿ ಹತ್ತಿದೆ? ಅದೇನು ಬಸ್ಸೋ, ಹಾಸಿದ ಬಾಳೆಲೆಯೋ!

ವೇದವತಿ: ಕೆಲಸ ನನ್ನದು, ನಾನು ಹೊರಟೆ. ನೀವು ಮಹಾವಿಷ್ಣುವಿನ ಹಾಗೆ ಗರುಡನ ಮೇಲೆ ಕೂತ್ಕೊಂಡೇ ಬನ್ನಿ.

ಮುನಿವೆಂಕಟಪ್ಪ: ಪೋಲಾಂ, ರೈಟ್!

ಬಸ್ಸು ಹೊರಟಿತು. ಸುಬ್ಬರಾಮ ಪಂಚೆ ಎತ್ತಿಕಟ್ಟಿ ಓಡಿಬಂದು ಹಿಂದಿನ ಬಾಗಿಲಿನಿಂದ ತೂರಿಕೊಂಡ. ಆಮೇಲೆ ಏದುಸಿರು ಬಿಡುತ್ತ ನಡೆದು, ನೆಟ್ಟಗೆ ಎಡಗಡೆಯ ಮೂರನೇ ಸೀಟಿಗೆ ಹೋಗಿ ಕಿಟಕಿಯ ಪಕ್ಕ ಕುಳಿತ. ಗರುಡದಲ್ಲಿ ಅವನು ಯಾವಾಗಲೂ ಕೂರುತ್ತಿದ್ದ ಜಾಗ ಅದೇ. ತಲೆಗೆ ಗೊತ್ತಾಗದ್ದು ಕಾಲಿಗೆ ಗೊತ್ತಾಗಿತ್ತು. ಆ ಸೀಟಿನ ಕಬ್ಬಿಣದ ಪಟ್ಟಿಯಲ್ಲಿ ಒಂದು ಮೊಳೆ ಮೇಲೆದ್ದಿರುವುದು, ಅದು ಹರಿದ ಪಂಚೆಗಳನ್ನು ಹೊಲಿದು ಹೊಲಿದು ವೇದವತಿಗೆ ಬಾಯಿಪಾಠವಾಗಿತ್ತು. ಎಚ್ಚರಿಸಬಹುದಾಗಿತ್ತು. ಎಚ್ಚರಿಸದೆ ಬಂದು ಪಕ್ಕದಲ್ಲಿ ಕುಳಿತಳು.

ಸುಬ್ಬರಾಮ: ಕೂತೆಯಲ್ಲ, ಈಗ ಅನುಭವಿಸು. ಸೀಟು ನೋಡು, ಹಲಗೆ! ಗರುಡದ ಸೀಟು ಮೆತ್ತಗೆ ಹೇಗಿತ್ತು!

ವೇದವತಿ: ಹೌದು, ಬೇರೆ ಥರಾನೇ ಇತ್ತು.

ಸುಬ್ಬರಾಮ: ಹಾರನ್ ಕೇಳಿದೆಯಾ? ಮೇಕೆ ಕಿರುಚಿದ ಹಾಗೆ. ಗರುಡದ ಹಾರನ್ ಕೇಳಿದ್ರೆ ದೇವಸ್ಥಾನದ ಶಂಖ ಊದಿದ ಹಾಗಿರೋದು.

ವೇದವತಿ: ಹೌದೌದು.

ಸುಬ್ಬರಾಮ: ಡೀಸಲ್ ವಾಸನೆ ಹೊಟ್ಟೆ ತೊಳಸುತ್ತೆ. ಮೂಳೆಯೆಲ್ಲಾ ಸಡಿಲ ಆಗೋ ಹಾಗೆ ಕುಲುಕಾಟ. ಏನಯ್ಯಾ ಕಂಡಕ್ಟ್ರೇ, ಇದಕ್ಕೆ ಬಸ್ಸು ಅಂತ ಹೆಸರಿಟ್ಟವರು ಯಾರಯ್ಯಾ?

ಬೈಯುವ ಹುರುಪಿನಲ್ಲಿ ಅರ್ಧ ಎದ್ದು ಹಿಂದಕ್ಕೆ ತಿರುಗಿದ. ಪರ್ರ್‌ ಎಂದು ಸದ್ದಾಯಿತು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸುಬ್ಬರಾಮ ಹಾಗೇ ನಿಂತು, ಕೈಯನ್ನು ಹಿಂದಕ್ಕೆ ಚಾಚಿ, ಮೊದಲು ಪಂಚೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಬಗ್ಗಿ ಸೀಟಿನ ಪಟ್ಟಿಯನ್ನು ತಡಕಿದ. ಬಣ್ಣ ಬಳಿದವರು ಬಲು ನಿಷ್ಠೆಯಿಂದ ಆ ಮೊಳೆಗೂ ಹಸಿರು ಬಳಿದಿದ್ದರು.

ಸುಬ್ಬರಾಮ: ವೇದಾ...

ವೇದವತಿ: ಏನ್ರೀ?

ಸುಬ್ಬರಾಮ: ಮೊಳೆ ಕಣೇ. ನಮ್ಮ ಮೊಳೆ! ಅಯ್ಯಾ ಕಂಡಕ್ಟ್ರೇ, ಇದು ಗರುಡ ಅಲ್ವೇನಯ್ಯಾ?

ಮುನಿವೆಂಕಟಪ್ಪ: ಊಂ ಸಾಮಿ. ಅದೇ ಗಾಡಿ.

ಸುಬ್ಬರಾಮ: ಮೊದಲೇ ಬಾಯಿ ಬಿಟ್ಟು ಹೇಳಬಾರದೇ ಮಹಾರಾಯಾ! ಅದಕ್ಕೇ ಅಂದುಕೊಂಡೆ, ಕೂತ ತಕ್ಷಣ ಏನೋ ಮನೆಗೆ ಬಂದ ಹಾಗಿದೆ ಅಂತ.

ವೇದವತಿ: ಹಲಗೆ ಅಂದ್ರಿ.

ಸುಬ್ಬರಾಮ: ಹಲಗೆ ಅಂದ್ರೆ ಗಟ್ಟಿ ಅಂತ ಅರ್ಥ. ಬೆನ್ನಿಗೆ ಬಹಳ ಒಳ್ಳೆಯದು.

ವೇದವತಿ: ಮತ್ತೆ ಕುಲುಕಾಟ?

ಸುಬ್ಬರಾಮ: ತೂಗಾಟ ಅನ್ನು. ಮಗು ತೊಟ್ಟಿಲಲ್ಲಿ ಬೆಚ್ಚಗೆ ಮಲಗಿದ ಹಾಗೆ. ಆಹಾ, ಹಾರನ್ ಕೇಳು, ಹಾರನ್!

ಮೇಕೆ ಮತ್ತೊಮ್ಮೆ ಕಿರುಚಿತು. ಸುಬ್ಬರಾಮ ಕಣ್ಣು ಮುಚ್ಚಿ ತಲೆದೂಗಿದ. ವೇದವತಿಗೆ ಇದನ್ನು ಯಾರಿಗೆ ಹೇಳಿಕೊಳ್ಳಬೇಕೋ ತಿಳಿಯಲಿಲ್ಲ. ಶೂಲಗಿರಿ ದಾಟಿ ಮೂರು ಮೈಲಿ ಹೋದ ಮೇಲೆ, ಇಂಜಿನ್ನು ಎರಡು ಸಲ ಕೆಮ್ಮಿ, ರಸ್ತೆ ಪಕ್ಕದ ಒಂದು ದೊಡ್ಡ ಹುಣಸೆಮರದ ಕೆಳಗೆ ಬಸ್ಸು ನಿಂತುಬಿಟ್ಟಿತು. ಆಗ ಗಂಟೆ ಹತ್ತಕ್ಕೆ ಹತ್ತು ನಿಮಿಷವಿತ್ತು.

ಸುಬ್ಬರಾಮ: ನೋಡಿದೆಯಾ! ಅದೇ ಜಾಗ! ಬೇರೆ ಬಸ್ಸು ಬಿಸಿಲಲ್ಲಿ ಕೆಡುತ್ತೆ. ಇದು ನೆರಳು ನೋಡಿ ಕೆಡುತ್ತೆ ಕಣೇ.

ವೇದವತಿ: ಹನ್ನೊಂದಕ್ಕೆ ನಾನು ಅಲ್ಲಿರಬೇಕು ರೀ.

ಮುನಿವೆಂಕಟಪ್ಪ: ಐದೇ ನಿಮಿಸ ಅಮ್ಮಾ.

ಸುಬ್ಬರಾಮ: ಹೇಳಿದ್ನಲ್ಲ, ಐದೇ ನಿಮಿಷ.

ವೇದವತಿ: ಗರುಡದ ಐದು ನಿಮಿಷ ಎಷ್ಟು ಅಂತ ನನಗೂ ಗೊತ್ತು, ನಿಮಗೂ ಗೊತ್ತು!

ಹಿಂದಿನಿಂದ ಒಂದು ಕೆಂಪು ಸರ್ಕಾರಿ ಬಸ್ಸು ಬರುತ್ತಿರುವುದು ಕಾಣಿಸಿತು. ವೇದವತಿ ದಡದಡನೆ ಇಳಿದು, ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಚಾಚಿದಳು. ಬಸ್ಸು ನಿಂತಿತು. ಗಂಡ ಇನ್ನೂ ಹಸಿರು ಬಸ್ಸಿನ ಬಾಗಿಲಲ್ಲೇ ನಿಂತು ಇಂಜಿನ್ನಿನ ಕಡೆ ನೋಡುತ್ತಿದ್ದ. ಆಕೆಗೆ ಅಳು ಒತ್ತಿ ಬಂತು. ಹದಿನೇಳು ವರ್ಷ ಸಾರು ಮಾಡಿ ಬಡಿಸಿದವಳಿಗಿಂತ ಈ ತಗಡು ಹೆಚ್ಚಾಯಿತೇ ಇವರಿಗೆ?

ವೇದವತಿ: ನೀವು ಅದರಲ್ಲೇ ಬನ್ನಿ. ಅವಸರ ಇಲ್ಲ.

ಹತ್ತಿ ಕುಳಿತಳು, ತಿರುಗಿ ನೋಡಲಿಲ್ಲ. ಬಸ್ಸು ಹೊರಟಾಗ ಪಕ್ಕದ ಸೀಟಿನಲ್ಲಿ ದಬಕ್ಕನೆ ಯಾರೋ ಕುಳಿತರು. ಹಿಂದುಗಡೆ ಒಂದು ಕೈ ಇಟ್ಟು ಹರಿದ ಪಂಚೆ ಹಿಡಿದುಕೊಂಡಿದ್ದ ಸುಬ್ಬರಾಮ.

ವೇದವತಿ: ಏನು, ಗರುಡನ್ನ ನಡುದಾರೀಲಿ ಬಿಟ್ಟುಬಂದ್ರಿ?

ಸುಬ್ಬರಾಮ: ಮೊದಲೂ ಒಂದ್ಸಲ ಬಿಟ್ಟಿದ್ದೆ.

ವೇದವತಿ: ಯಾವಾಗ?

ಸುಬ್ಬರಾಮ ಕಿಟಕಿಯಾಚೆ ನೋಡಿದ. ಹುಣಸೆಮರ ಹಿಂದಕ್ಕೆ ಸರಿಯುತ್ತಿತ್ತು.

ಸುಬ್ಬರಾಮ: ಇದೇ ಮರದ ಕೆಳಗೆ ಕೆಟ್ಟು ನಿಂತಿತ್ತು ಅವತ್ತೂ. ಮೂರು ಗಂಟೆ ಮೀರಿದ್ರೆ ನಿಮ್ಮಪ್ಪ ‘ಬೇಡ ಹೋಗಪ್ಪಾ’ ಅಂದುಬಿಟ್ರೆ? ಅದಕ್ಕೇ ಲಾರಿ ಹತ್ತಿದೆ.

ವೇದವತಿ: ಏನು ಹತ್ತಿದ್ರಿ?

ಸುಬ್ಬರಾಮ: ಲಾರಿ ಕಣೇ, ಲಾರಿ. ಹುಣಸೆಹಣ್ಣಿಂದು. ಸಾಕಾ?

ವೇದವತಿ: ಹದಿನೇಳು ವರ್ಷ ಬಾಯಿ ಬಿಡಲಿಲ್ಲವಲ್ರೀ!

ಸುಬ್ಬರಾಮ: ಬಸ್ಸಿನ ಮಾನ ಉಳಿಸಬೇಡ್ವೇ?

ವೇದವತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಹಾಗಾದರೆ ಅವತ್ತೂ ಬಸ್ಸು ಬಿಟ್ಟು ತನಗಾಗಿಯೇ ಬಂದಿದ್ದರು. ಆಕೆಗೆ ಬಹಳ ಸಂತೋಷವಾಯಿತು.

ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇದೆ ಎನ್ನುವಾಗ ಕಚೇರಿ ಮುಟ್ಟಿದರು. ಸುಬ್ಬರಾಮ ರೆಕ್ಸಿನ್ ಬ್ಯಾಗನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತ. ಬ್ಯಾಗಿನಿಂದ ಒಂದೊಂದು ಕಾಗದ ಬೇಕಾದಾಗಲೂ ಹೆಂಡತಿ ಅವನ ಹಿಂದೆ ಹೋಗಿ ತೆಗೆಯಬೇಕಾಯಿತು. ಅಲ್ಲಿದ್ದವರಿಗೆಲ್ಲ ಇದು ವಿಚಿತ್ರವಾಗಿ ಕಂಡರೂ ಯಾರೂ ಕೇಳಲಿಲ್ಲ. ಸೀಲು ಬಿತ್ತು, ಸೋಮವಾರದಿಂದ ಮತ್ತಿಗಿರಿ ಶಾಲೆ ಎಂದು ಆರ್ಡರ್ ಕೈಗೆ ಬಂತು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತರೆ, ಎದುರಿಗೆ ಹಸಿರು ಗರುಡ ಆಗ ತಾನೇ ಬುಸುಗುಡುತ್ತಾ ಬಂದು ನಿಲ್ಲುತ್ತಿತ್ತು.

ಸುಬ್ಬರಾಮ: ಬಂತು ಕಣೇ! ಬಂದೇಬಿಡ್ತು ನೋಡು, ಯಾವತ್ತೂ ಕೈಬಿಡಲ್ಲ ಅದು.

ವೇದವತಿ: ಸರಿ, ವಾಪಸ್ ಅದರಲ್ಲೇ ಹೋಗೋಣ. ಈಗ ಆ ಬ್ಯಾಗು ಕೊಡಿ, ಪಂಚೆ ಹೊಲೀತೀನಿ.

ಬ್ಯಾಗಿನ ಪಕ್ಕದ ಜೇಬಿನಿಂದ ಆಕೆ ಸೂಜಿ ತೆಗೆದಳು. ಸೂಜಿಯಲ್ಲಿ ಬಿಳೀ ದಾರ ಪೋಣಿಸಿಯೇ ಇತ್ತು.

ಸುಬ್ಬರಾಮ: ಸೂಜಿ ಇತ್ತಾ ನಿನ್ನ ಹತ್ರ? ಬೆಳಿಗ್ಗೆಯಿಂದ ಮಾನ ಹಿಡ್ಕೊಂಡು ಓಡಾಡಿದೀನಿ, ಆಗಲೇ ಕೊಡಬಾರದಾಗಿತ್ತೇನೇ?

ವೇದವತಿ: ಹರಿದಿದ್ದು ಗರುಡ ಅಲ್ವೇ? ಅದೇ ಬಂದು ಹೊಲಿದುಕೊಡುತ್ತೇನೋ ಅಂತ ಕಾದೆ ರೀ.