ಜಾತಿ ಕೇಳಬಾರದು

ನಾಯಿಗೊಂದು ಮನೆ ಹುಡುಕುವುದು ಕಷ್ಟದ ಕೆಲಸವೆಂದು ನನಗೆಂದೂ ಅನ್ನಿಸಿರಲಿಲ್ಲ. ಜಹೀರಾಬಾದಿನಲ್ಲಿ ಕೆರೆ ಒತ್ತುವರಿ, ಬಾಲ್ಯವಿವಾಹ, ಮೆರವಣಿಗೆಯ ಡಿಜೆ, ಎಲ್ಲದರ ವಿರುದ್ಧವೂ ಕರಪತ್ರ ಬರೆದು ಪಳಗಿದ ಕೈ ಇದು. ನಾಲ್ಕು ಸಾಲಿನ ಜಾಹೀರಾತು ಯಾವ ಲೆಕ್ಕ!

ನಾಯಿ ಸಿಕ್ಕಿದ್ದು ಹೆದ್ದಾರಿಯ ಬದಿಯಲ್ಲಿ, ಬಾಗಿಲು ಮುಚ್ಚಿದ ಢಾಬಾದ ಹಿಂದೆ, ಸರಪಳಿಯಲ್ಲಿ. ಗ್ರೇಟ್ ಡೇನ್ ತಳಿ. ವರ್ಷ ತುಂಬಿರದಿದ್ದರೂ ಕರುವಿನಷ್ಟು ಎತ್ತರ, ಮೈಯೆಲ್ಲ ಎಲುಬು. ಬಿಚ್ಚಿ ಮನೆಗೆ ತಂದೆ. ಮನುಷ್ಯರ ಹೆಸರನ್ನು ಮನುಷ್ಯರಿಗೇ ಮೀಸಲಿಡುವುದೂ ಒಂದು ತಾರತಮ್ಯವಾದ್ದರಿಂದ ವಿವೇಕ ಎಂದು ಕರೆದೆ. ವಿವೇಕನು ಮೊದಲು ಮನೆ ಮಾಲೀಕರ ಹಪ್ಪಳವನ್ನೂ ಆಮೇಲೆ ಅವರ ಧೋತರವನ್ನೂ ತಿಂದ. ಭಾನುವಾರದೊಳಗೆ ಅವನಾದರೂ ಹೋಗಬೇಕು, ಇಲ್ಲವೇ ನಾವಾದರೂ ಹೋಗಬೇಕು ಎಂದು ಅಪ್ಪಣೆಯಾಯಿತು.

ಆಗ ಕೇಳಿದವರು ನಾರಾಯಣಖೇಡದ ಹತ್ತಿ ವ್ಯಾಪಾರಿಯೊಬ್ಬರು ಮಾತ್ರ. ಅವರಿಗೆ ಗೋದಾಮಿನ ಬಾಗಿಲಿಗೆ ಕಟ್ಟಲು ನಾಯಿ ಬೇಕಿತ್ತು. ಮತ್ತೆ ಸರಪಳಿ! ಸಾಲದೆಂಬಂತೆ, "ಜಾತಿ ನಾಯಿ ಏನ್ರಿ? ಯಾವ ಜಾತಿ?" ಎಂದರು. ಕಂಡ ತಪ್ಪನ್ನೆಲ್ಲ ಹೆಸರಿಟ್ಟು ಹೇಳಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. 'ಜಾತಿ' ಎಂಬ ಪದದ ಕುರಿತು ಫೋನಿನಲ್ಲಿ ದೀರ್ಘವಾಗಿ ತಿಳಿಸಿದೆ. ಅವರು ಯಾವ ಮಾತಿಗೆ ಫೋನ್ ಇಟ್ಟರೋ ನನಗೆ ತಿಳಿಯದು. ನಾನಂತೂ ಮಾತು ಮುಗಿಸಿಯೇ ಇಟ್ಟೆ.

ಆಮೇಲೆ ನಮ್ಮ ಸಮಾಜದ ವಾಟ್ಸಾಪ್ ಗುಂಪಿಗೆ ಈ ಪ್ರಕಟಣೆ ಕಳಿಸಿದೆ:

"ವಿವೇಕನಿಗೆ ಒಳ್ಳೆಯ ಮನೆತನ ಬೇಕಾಗಿದೆ. ಪ್ರಾಯದವನು, ಎತ್ತರದ ಮೈಕಟ್ಟು, ಸೌಮ್ಯ ಸ್ವಭಾವ. ಕಷ್ಟ ಕಂಡವನು. ಜಾತಿ ಕೇಳಬಾರದು. ಹಣದ ವ್ಯವಹಾರ ಖಂಡಿತ ಇಲ್ಲ. ಮನೆಗೇ ಬಂದು ನೋಡಬಹುದು."

ರೂಪ ನೋಡಿ ಆರಿಸುವುದು ಇನ್ನೊಂದು ಅನಿಷ್ಟವಾದ್ದರಿಂದ ಫೋಟೊ ಹಾಕಲಿಲ್ಲ.

ಔಷಧಿ ಅಂಗಡಿಗೆ ಹೊರಟಿದ್ದ ನನ್ನ ಗಂಡ ಮಲ್ಲಿನಾಥ ಅದನ್ನು ಓದಿ, "ನಾಯಿ ಅಂತ ಎಲ್ಲಿ ಬರದಿ?" ಎಂದು ಕೇಳಿದರು. ಸಮಾಜವು ಆ ಪದವನ್ನು ಬೈಗುಳವಾಗಿಸಿದೆ, ನಾನು ಅದರಲ್ಲಿ ಪಾಲುದಾರಳಾಗಲಾರೆ ಎಂದೆ. "ಹಂಗಾರ ಆತು" ಎಂದು ಚಪ್ಪಲಿ ಹುಡುಕಲು ಹೋದರು. ಅದನ್ನೂ ವಿವೇಕನೇ ತಿಂದಿದ್ದ.

ಮರುದಿನ ತಾಂಡೂರಿನಿಂದ ಶರಣಪ್ಪ ಎಂಬ ಹಿರಿಯರು ಫೋನ್ ಮಾಡಿದರು. ನೆಲಕ್ಕೆ ಹಾಸುವ ಬಂಡೆ ಪಾಲಿಶ್ ಮಾಡಿಸಿ ಮಾರುವವರು. "ಹುಡುಗಗ ಚಟಾ ಗಿಟಾ ಏನರ ಅದಾವೇನ್ರಿ?" ಎಂದರು. ನಾಯಿ ಎನ್ನದೆ ಹುಡುಗ ಎಂದರಲ್ಲ! ಅಲ್ಲಿಯೇ ಕರಗಿದೆ. ಹಾಲು ಬಿಟ್ಟರೆ ಬೇರೇನೂ ಕುಡಿಯುವುದಿಲ್ಲ ಎಂದೆ. ಸಿಟ್ಟಿನ ಬಗ್ಗೆ ಕೇಳಿದರು. ಬೈದರೆ ತಲೆ ತಗ್ಗಿಸಿ ಮೂಲೆಗೆ ಹೋಗಿ ಕೂರುತ್ತಾನೆ ಎಂದೆ. "ಇಂಥಾ ಹುಡುಗ ಈ ಕಾಲದಾಗ ಎಲ್ಲಿ ಸಿಗ್ತಾನ್ರಿ!" ಎಂದರು ಹಿರಿಯರು. ಪ್ರಾಣಿದಯೆ ಎಂದುಕೊಂಡೆ.

ಗುರುವಾರ ಶರಣಪ್ಪನವರು, ಅವರ ಹೆಂಡತಿ ಮತ್ತು ಶಾಲಾ ಶಿಕ್ಷಕಿಯಾದ ಮಗಳು ಶಿವಲೀಲಾ ಬಂದರು. ಗರಿಗರಿ ಧೋತರ, ರೇಷ್ಮೆ ಸೀರೆ, ಪೇಡೆಯ ಡಬ್ಬಿ. ಮೂಕಪ್ರಾಣಿಗೆ ಇಷ್ಟು ಮರ್ಯಾದೆಯೇ ಎಂದು ನನ್ನ ಕಣ್ಣು ತುಂಬಿತು. ಆದರೂ ಕರ್ತವ್ಯ ಕರ್ತವ್ಯವೇ. ಹುಡುಗಿಯನ್ನು ನೇರವಾಗಿ ಕೇಳಿದೆ: ಅವನು ರಾತ್ರಿ ಒಬ್ಬನೇ ಮಲಗಲು ಹೆದರುತ್ತಾನೆ, ನಿಭಾಯಿಸುವೆಯಾ? ಹುಡುಗಿ ನೆಲ ನೋಡಿದಳು. ಅವಳ ತಾಯಿ ಸೆರಗು ಸರಿಮಾಡಿಕೊಂಡರು. ಚಹಾ ತಂದ ಮಲ್ಲಿನಾಥರು ನನ್ನನ್ನೇ ದುರುಗುಟ್ಟಿ ನೋಡಿದರು.

"ಹುಡುಗನ್ನ ಕರೀರಿ" ಎಂದರು ಶರಣಪ್ಪನವರು.

ಕರೆದೆ.

ವಿವೇಕ ಬಂದ. ಮುಂಗಾಲೆರಡನ್ನೂ ಹಿರಿಯರ ಹೆಗಲ ಮೇಲಿಟ್ಟು ಮುಖ ನೆಕ್ಕಿದ. ಪೇಡೆಯನ್ನು ಡಬ್ಬಿಯ ಸಮೇತ ಸ್ವೀಕರಿಸಿದ.

"ಮೊದಲ ಇದನ್ನ ಕಟ್ರಿ. ಹುಡುಗ ಎಲ್ಲಿ?"

"ಇವನೇ ವಿವೇಕ" ಎಂದೆ.

ನಮ್ಮ ಕಡೆ ಮನೆತನ ನೋಡುವುದೆಂದರೆ ಮದುವೆಗೇ ಎಂಬುದು ಹುಟ್ಟಿದ ಕೂಸಿಗೂ ಗೊತ್ತು. ಇಲ್ಲೇ ಹುಟ್ಟಿದ ನನಗೆ ಆ ಕ್ಷಣದಲ್ಲಷ್ಟೇ ಹೊಳೆಯಿತು!

ಶರಣಪ್ಪನವರು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೆಗಲು ಒರೆಸಿಕೊಂಡು ಹೇಳಿದರು: "ಜಾತಿ ಬ್ಯಾಡ, ವರದಕ್ಷಿಣಿ ಬ್ಯಾಡ ಅನ್ನೋ ಹುಡುಗನೇ ಬೇಕಂತ ನಮ್ಮ ಮಗಳ ಹಟಾ ಇತ್ತು. ಅಂಥ ಮಂದಿ ಎಲ್ಲದಾರ ಅಂತ ನಮ್ಮ ತಮ್ಮ ನಕ್ಕಿದ್ದ. ಅದಾರ, ಜಹೀರಾಬಾದಿನ್ಯಾಗ ಅದಾರ ಅಂತ ಹೇಳಿ ಬಂದೀನ್ರಿ."

ಇಷ್ಟು ವರ್ಷ ನಾನು ಬರೆದದ್ದನ್ನು ಪದಪದವಾಗಿ ನಂಬಿ ಬಸ್ಸು ಹತ್ತಿದ ಮೊದಲ ಮನುಷ್ಯ. ಅವರ ಎದುರು ನಾನು ತಂದು ನಿಲ್ಲಿಸಿದ್ದು ಇದನ್ನು. ಕ್ಷಮಿಸಿ ಎಂದೆ. ಆಡಿದ ನನಗೇ ಅದು ಸಾಲದೆನಿಸಿತು. ಅವರು ಚಹಾ ಮುಟ್ಟದೆ ಎದ್ದು ಹೊರಟರು.

ಶಿವಲೀಲಾ ಮಾತ್ರ ಬಾಗಿಲಲ್ಲಿ ನಿಂತಳು. ವಿವೇಕ ಅವಳ ಅಂಗೈಗೆ ಮೂತಿ ಒತ್ತಿದ್ದ. "ಅಕ್ಕಾರ, ಎಲ್ಲಾ ಬರದ್ರಿ. ನಾಯಿ ಅಂತ ಒಂದು ಶಬ್ದ ಬರದಿದ್ರ ಏನ್ ಹೋಗ್ತಿತ್ರಿ?" ಎಂದಳು.

ಶನಿವಾರ ನಾಚಿಕೆಯನ್ನು ನುಂಗಿ ನಾರಾಯಣಖೇಡದ ವ್ಯಾಪಾರಿಗೇ ಫೋನ್ ಮಾಡಬೇಕೆಂದು ಕುಳಿತೆ. ಅಷ್ಟರಲ್ಲಿ ತಾಂಡೂರಿನ ಕರೆ ಬಂತು.

"ನಾಯಿ ಕೊಡ್ತೀರೇನ್ರಿ?" ಎಂದರು ಶರಣಪ್ಪನವರು. "ನಮ್ಮ ಹುಡುಗಿ ಅದರದ ಮಾತು ಬಿಡವಲ್ಲಳು. ಕಂಪೌಂಡ್ ಅದ, ಮಲಗಾಕ ತಣ್ಣನ ಬಂಡೆಗಲ್ಲು ಅದಾವ. ಕಟ್ಟಂಗಿಲ್ರಿ." ಫೋನ್ ಇಡುವ ಮುನ್ನ, "ಜಾತಿನೂ ಕೇಳಂಗಿಲ್ರಿ" ಎಂದರು.

ಮರುದಿನ ಬಾಡಿಗೆ ಜೀಪಿನ ಹಿಂಬದಿಯಲ್ಲಿ ವಿವೇಕ ತಾಂಡೂರಿಗೆ ಹೊರಟ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದ ಮಲ್ಲಿನಾಥರು ನಿಟ್ಟುಸಿರು ಬಿಟ್ಟರು.

"ಮನ್ಯಾಗ ಇದ್ದದ್ದೊಂದು ವಿವೇಕ. ಅದನ್ನೂ ಕಳಿಸಿಬಿಟ್ಟಿ."