ಹನ್ನೊಂದು ವರ್ಷ ಸುಮ್ಮನಿದ್ದ ಎಡಗಾಲು

ಡ್ರೈವಿಂಗ್ ಕಲಿಸುವವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬಾಗಿಲು ತೆಗೆದು ಪಕ್ಕದಲ್ಲಿ ಬಂದು ಕೂರುತ್ತದೆ, ಕೂತು "ಮಾಸ್ಟ್ರೇ, ಬ್ರೇಕ್ ಯಾವುದು?" ಎಂದು ಕೇಳುತ್ತದೆ. ಉಡುಪಿಯಲ್ಲಿ ನಾನು ಡ್ರೈವಿಂಗ್ ಶಾಲೆ ಇಟ್ಟಿದ್ದಷ್ಟು ವರ್ಷವೂ ಇದೇ ಆಯಿತು. ಕೆಲವರು ನನ್ನನ್ನು ಗದ್ದೆಗೆ ಇಳಿಸಿದ್ದಾರೆ. ಒಬ್ಬರು ಮದುವೆ ದಿಬ್ಬಣದ ಹಿಂದೆ ಸಿಕ್ಕಿಕೊಂಡು, ಬೇರೆ ದಾರಿಗೆ ತಿರುಗಿಸಲು ಬಾರದೆ, ಛತ್ರದವರೆಗೂ ಹೋಗಿ ನನಗೂ ಊಟ ಹಾಕಿಸಿದ್ದಾರೆ. ಆದರೆ ಎಂಬತ್ತರ ದಶಕದ ನಡುವೆ ಕಾಪುವಿನಿಂದ ಬಂದ ಒಬ್ಬ ಅಳಿಯ ಮತ್ತು ಅವನ ಮಾವ, ಇಬ್ಬರೂ ಸೇರಿ ಒಂದು ಡೀಸೆಲ್ ಪಿಕಪ್ ತೆಗೆದುಕೊಂಡ ಕತೆಯ ಮುಂದೆ ಅವೆಲ್ಲ ಏನೂ ಅಲ್ಲ.

೧. ಡ್ರೈವರಿಗೆ ಡ್ರೈವಿಂಗ್

ಮಧ್ಯಾಹ್ನ ಊಟದ ಹೊತ್ತು, ಆಫೀಸಿನಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡೇ ಆತ ಒಳಗೆ ಬಂದ. ಕಣ್ಣಿಗೆ ಕೂಲಿಂಗ್ ಗ್ಲಾಸ್. ಅವನಿಗಿಂತ ಮೊದಲು ಅವನ ಸೆಂಟು ಬಂದು ಕುರ್ಚಿಯಲ್ಲಿ ಕೂತಿತ್ತು.

"ಎಂತ ಕೆಲಸ ನಿಮ್ಮದು?" ಎಂದೆ.

"ಡ್ರೈವರ್. ಗಲ್ಫಿನಲ್ಲಿ ಹನ್ನೊಂದು ವರ್ಷ ಆಯ್ತು. ಪಿಕಪ್."

"ಹಾಗಾದರೆ ಇಲ್ಲಿಗೆ ಬಂದದ್ದು ಯಾಕೆ?"

"ಡ್ರೈವಿಂಗ್ ಕಲೀಲಿಕ್ಕೆ."

ನನಗೆ ಸಿಟ್ಟು ಬಂತು. ಊಟದ ಹೊತ್ತಿಗೆ ಬಂದು ತಮಾಷೆ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ಆಮೇಲೆ ಅವನೇ ಬಿಡಿಸಿ ಹೇಳಿದ. ಅವನ ಧಣಿಯ ಪಿಕಪ್ಪುಗಳಿಗೆ ಗೇರು ಹಾಕುವ ಕೆಲಸವೇ ಇಲ್ಲ. ಕ್ಲಚ್ ಇಲ್ಲ. ಕೋಲನ್ನು ಒಮ್ಮೆ ಎಳೆದಿಟ್ಟರೆ ಮುಗಿಯಿತು, ಮುಂದಿನದನ್ನೆಲ್ಲ ಗಾಡಿಯೇ ನೋಡಿಕೊಳ್ಳುತ್ತದೆ. ಈಗ ಇವನಿಗೆ ವಾಪಸ್ಸು ಹೋಗುವ ಮನಸ್ಸಿಲ್ಲ. ಒಂದು ಡೀಸೆಲ್ ಪಿಕಪ್ ತೆಗೆದು ಮಲ್ಪೆಯಿಂದ ಕಾರ್ಕಳಕ್ಕೆ ಮೀನು ಹಾಕಿಕೊಂಡು ಊರಿನಲ್ಲೇ ಇರುವ ಎಂದು ಆಸೆ. ರಜೆ ಇರುವುದು ಎರಡು ತಿಂಗಳು. ಅಷ್ಟರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಮತ್ತೆ ವಿಮಾನ. "ಈ ಸಲ ಹೋದರೆ ನಾನು ಕಾಗದ ಬರೆಯುವುದಿಲ್ಲ" ಎಂದು ಹೆಂಡತಿ ಹೇಳಿಬಿಟ್ಟಿದ್ದಾಳೆ. ಅದನ್ನು ಹೇಳುವಾಗ ಅವನು ಕೂಲಿಂಗ್ ಗ್ಲಾಸ್ ತೆಗೆದು ಮೇಜಿನ ಮೇಲೆ ಇಟ್ಟ. ನನ್ನ ಸಿಟ್ಟೂ ಇಳಿಯಿತು.

"ಆದರೆ ಮಾಸ್ಟ್ರೇ, ಮಾವನಿಗೆ ಗೊತ್ತಾಗಬಾರದು."

ಮಾವ ಎಂದರೆ ಉಡುಪಿ–ಕಾರ್ಕಳ ಬಸ್ಸಿನ ಹಳೇ ಡ್ರೈವರು. "ಕಾರಕೂನನಿಗೆ ಬೇಡ, ಡ್ರೈವರಿಗೇ ಕೊಡುವುದು" ಎಂದು ಹಟ ಹಿಡಿದು ಮಗಳನ್ನು ಇವನಿಗೆ ಕೊಟ್ಟವರು. ಕಾರ್ಕಳದ ಮೀನಿನಂಗಡಿಯವರೆಲ್ಲ ಅವರ ಬಸ್ಸಿನಲ್ಲಿ ಓಡಾಡಿದವರೇ. ಅವರು ಒಂದು ಮಾತು ಹೇಳಿದರೆ ವ್ಯಾಪಾರ ಉಂಟು, ಹೇಳದಿದ್ದರೆ ಇಲ್ಲ. ಅಳಿಯನಿಗೆ ಗೇರು ಹಾಕಲು ಬರುವುದಿಲ್ಲ ಎಂದು ಅವರಿಗೆ ತಿಳಿದರೆ ಮೀನು ಮಾತ್ರವಲ್ಲ, ಮರ್ಯಾದೆಯೂ ಹೋಯಿತು.

ಮೊದಲ ದಿನವೇ ಅಂಬಲಪಾಡಿಯ ಹತ್ತಿರ ಕಾಪುವಿನ ಮೂವರು ಬಸ್ಸಿನ ಕಿಟಕಿಯಿಂದ ಇವನನ್ನು ಕಂಡು ಕೈ ಬೀಸಿದರು. ಗಾಡಿಯ ನೆತ್ತಿಯ ಮೇಲೆ ನನ್ನ ಶಾಲೆಯ ಬೋರ್ಡು, ಮುಂದೆ ಕೆಂಪು 'ಎಲ್' ಅಕ್ಷರ. ಅಡಗಿಸುವುದು ಹೇಗೆ? ಮರುದಿನ ಬಂದಾಗ, "ನಿನ್ನೆ ಊರಿನವರಿಗೆ ಎಂತ ಹೇಳಿದಿರಿ?" ಎಂದು ಕೇಳಿದೆ.

"ಬೇಸರ ಮಾಡ್ಕೊಳ್ಬೇಡಿ ಮಾಸ್ಟ್ರೇ. ನಾನು ನಿಮಗೆ ಕಲಿಸ್ತಾ ಇದ್ದೇನೆ ಅಂದೆ."

೨. ಮಣಿಪಾಲದ ಏರಿನಲ್ಲಿ

ಆತನಿಗೆ ಸ್ಟೇರಿಂಗ್ ಚೆನ್ನಾಗಿ ಬರುತ್ತಿತ್ತು. ಬ್ರೇಕು ಬರುತ್ತಿತ್ತು. ಹಿಂದಕ್ಕೆ ತೆಗೆಯುವುದಂತೂ ನನಗಿಂತ ಚಂದ. ತೊಂದರೆ ಇದ್ದದ್ದು ಎಡಗಾಲಿನಲ್ಲಿ ಮಾತ್ರ. ಹನ್ನೊಂದು ವರ್ಷ ಆ ಕಾಲಿಗೆ ಕೆಲಸವೇ ಇರಲಿಲ್ಲ. ಅದನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡು, ಊಟಕ್ಕೆ ಕೂತವರ ಹಾಗೆ ಕೂತು, ಮರಳುಗಾಡು ದಾಟಿದವನು ಇವನು. ಇಲ್ಲಿಯೂ ಅಷ್ಟೇ. ನಾಲ್ಕು ಫರ್ಲಾಂಗು ಹೋಗುವಷ್ಟರಲ್ಲಿ ಎಡಗಾಲು ಮೆಲ್ಲ ಮೇಲೆ ಬಂದುಬಿಡುತ್ತಿತ್ತು. ನಿಲ್ಲಿಸಬೇಕಾದಾಗ ಕ್ಲಚ್ ಒತ್ತಲು ಕೆಳಗೆ ಯಾರೂ ಇಲ್ಲ. ಗಾಡಿ ಒಮ್ಮೆ ಕುಪ್ಪಳಿಸಿ ಸಾಯುತ್ತಿತ್ತು.

"ಕಾಲು ಕೆಳಗೆ!" ಎಂದು ನಾನು ದಿನಕ್ಕೆ ನೂರು ಸಲ ಕೂಗುತ್ತಿದ್ದೆ. ಮನೆಯಲ್ಲಿ ಜಗಲಿಯ ಮೇಲೆ ಕಾಲು ಮಡಚಿ ಕೂತ ಅತಿಥಿಗಳಿಗೂ ಒಮ್ಮೆ ಹಾಗೇ ಕೂಗಿ ಹೆಂಡತಿಯಿಂದ ಬೈಸಿಕೊಂಡೆ.

ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಹೊರಡಿಸುವುದನ್ನು ಕಲಿಸಲು ನನ್ನದೇ ಒಂದು ಕ್ರಮ ಇತ್ತು. ಬೇರೆಯವರು ಹಿಂದಿನ ಚಕ್ರದ ಬುಡದಲ್ಲಿ ಬೆಂಕಿಪೆಟ್ಟಿಗೆ ಇಡುತ್ತಾರೆ. ಬೆಂಕಿಪೆಟ್ಟಿಗೆ ಹೋದರೆ ಯಾರಿಗೆ ನಷ್ಟ? ನಾನು ಕಲಿಯುವವನದ್ದೇ ವಸ್ತು ಇಡಿಸುತ್ತಿದ್ದೆ, ಪೆನ್ನೋ ಚಪ್ಪಲಿಯೋ. ಆಗ ಶ್ರದ್ಧೆ ತಾನಾಗಿ ಬರುತ್ತದೆ. ಇವನು ಜಂಬದಿಂದ ಕೂಲಿಂಗ್ ಗ್ಲಾಸ್ ತೆಗೆದುಕೊಟ್ಟ. ಇಂದ್ರಾಳಿ ದಾಟಿದ ಮೇಲಿನ ಏರಿನಲ್ಲಿ ಇಟ್ಟೆ. ಕರಕ್ ಎಂದಿತು.

ಮರುದಿನ ಇನ್ನೊಂದು ತಂದ. ಅದೂ ಕರಕ್. ನಂಟರಿಗೆ ಹಂಚಲೆಂದು ಒಂದು ಡಜನ್ ತಂದಿದ್ದನಂತೆ. ಮೊದಲ ವಾರ ದೊಡ್ಡಪ್ಪನ ಮಕ್ಕಳದ್ದು ಹೋಯಿತು, ಎರಡನೆಯ ವಾರ ಎಲ್ಲೂರಿನ ಭಾವಂದಿರದ್ದು. ನಾಲ್ಕನೆಯ ವಾರ ಕೊನೆಯದೊಂದು ಉಳಿಯಿತು. ಅದನ್ನು ಇಡುವಾಗ ಅವನು ಕೈ ಮುಗಿದ. ಗಾಡಿ ಒಂದು ಅಂಗುಲವೂ ಹಿಂದೆ ಜಾರದೆ ಏರು ಹತ್ತಿತು. ನನಗೂ ಸಂತೋಷವೇ ಆಯಿತು.

ಮುಂದಿನ ವಾರ ಸಪಾಟು ಮೈದಾನದಲ್ಲಿ ಪರೀಕ್ಷೆ ನಡೆದು ಲೈಸೆನ್ಸೂ ಸಿಕ್ಕಿತು. "ಇನ್ನೇನು ಹೆದರಿಕೆ?" ಎಂದೆ.

"ಹೆದರಿಕೆ ಇಲ್ಲ ಮಾಸ್ಟ್ರೇ. ದಾರಿಯಲ್ಲಿ ಬೇರೆ ಗಾಡಿಗಳು ಇಲ್ಲದಿದ್ದರೆ ಸಾಕು."

೩. ಪರ್ಕಳದ ಶೆಡ್ಡಿನಲ್ಲಿ

ಹೀಗಿರುವಾಗ ನಾನೇ ಒಂದು ಎಡವಟ್ಟು ಮಾಡಿದೆ. ಪರ್ಕಳದ ಒಬ್ಬ ಕಂಟ್ರಾಕ್ಟರು ಬೊಂಬಾಯಿಯ ಹರಾಜಿನಲ್ಲಿ ಪರದೇಶದ ಡೀಸೆಲ್ ಪಿಕಪ್ ಒಂದನ್ನು ತಂದು, ಈಗ ಮಾರಲೆಂದು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಕ್ಲಚ್ ಇಲ್ಲದ್ದು, ಸ್ಟೇರಿಂಗ್ ಎಡಬದಿಗೆ. "ಅದನ್ನೊಮ್ಮೆ ನೋಡಿ" ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಅಳಿಯ ಅದನ್ನು ಕಂಡದ್ದೇ ತಡ, ಹತ್ತಿ ಕೂತು ಎಡಗಾಲು ಮಡಚಿ ಮೇಲಿಟ್ಟ. ಒಂದೇ ಕೈಯಲ್ಲಿ ಶೆಡ್ಡಿನಿಂದ ಹೊರಗೆ ತಂದ, ಮೂರು ಸುತ್ತು ಹೊಡೆದ. ಮುಖದಲ್ಲಿ ಎಂಥ ಕಳೆ! ಐದು ವಾರ ನಾನು ಕಂಡ ಮನುಷ್ಯನೇ ಅಲ್ಲ. "ಇದೇ ಸಾಕು ಮಾಸ್ಟ್ರೇ, ಆ ಗೇರಿನ ಸಹವಾಸವೇ ಬೇಡ" ಎಂದ.

"ಇಷ್ಟು ಒಳ್ಳೆ ಗಾಡಿಯನ್ನು ಕೊಡುವುದು ಯಾಕೆ?" ಎಂದು ನಾನು ಕಂಟ್ರಾಕ್ಟರನ್ನು ಕೇಳಿದೆ.

ಅವರು ಸುಳ್ಳು ಹೇಳುವ ಜನ ಅಲ್ಲ. ಒಮ್ಮೆ ಮಣಿಪಾಲದಲ್ಲಿ ಇದರ ಬ್ಯಾಟರಿ ಸತ್ತಿತಂತೆ. ನಮ್ಮ ಕಡೆಯಲ್ಲಿ ಗಾಡಿ ನಿಂತರೆ ತಳ್ಳುವುದೇ ಪದ್ಧತಿ. ಕರೆಯಬೇಕಾಗಿಲ್ಲ, ಬಸ್ಸಿಗೆ ಕಾಯುವವರು ಚೀಲ ಕೆಳಗಿಟ್ಟು ತಾವೇ ಬರುತ್ತಾರೆ. ಹಾಗೆ ಎಂಟು ಜನ ಬಂದು ತಳ್ಳಿದರು. ಕ್ಲಚ್ ಇಲ್ಲದ ಈ ಜಾತಿಯ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ ಎಂದು ಯಾರಿಗೆ ಗೊತ್ತು? "ಇನ್ನು ಸ್ವಲ್ಪ, ಇನ್ನು ಸ್ವಲ್ಪ" ಎನ್ನುತ್ತ ಇಳಿಜಾರಿನಲ್ಲಿ ಇಂದ್ರಾಳಿಯವರೆಗೆ ತಳ್ಳಿದರಂತೆ.

"ಆಮೇಲೆ?"

"ಆಮೇಲೆ ಎಂತ, ಎಂಟು ಜನಕ್ಕೂ ವಾಪಸ್ಸು ಬರಲಿಕ್ಕೆ ಬಸ್ಸಿನ ಚಾರ್ಜು ನಾನೇ ಕೊಟ್ಟೆ."

೪. ಮಾವ ಬಂದು ನೋಡಿದ್ದು

ಗಾಡಿಯ ವಿಷಯ ಮಾವನಿಗೆ ತಿಳಿಸದೆ ಆಗುತ್ತದೆಯೇ? ಭಾನುವಾರ ಅಳಿಯ ಅವರನ್ನು ಪರ್ಕಳಕ್ಕೆ ಕರೆತಂದ. ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ಖಾಕಿ ಅಂಗಿಯಲ್ಲೇ ಬಂದರು. ನೇರವಾಗಿ ಕಂಟ್ರಾಕ್ಟರ ಬಳಿ ಹೋಗಿ, "ನೀವೇ ಅಲ್ವಾ ಮಾಸ್ಟ್ರು? ನನ್ನ ಅಳಿಯ ನಿಮಗೆ ಸರಿಯಾಗಿ ಕಲಿಸಿದ್ದಾರಲ್ಲ?" ಎಂದರು. ನಾನು ಈಚೆ ಕಡೆಯಿಂದ "ಹೌದು ಹೌದು" ಎಂದೆ.

"ನಾನೇ ಓಡಿಸಿ ನೋಡ್ತೇನೆ" ಎಂದು ಬಲಬಾಗಿಲು ತೆಗೆದು ಹತ್ತಿದರು. ಬಾಗಿಲು ಹಾಕಿಕೊಂಡು ಕೈಯಲ್ಲಿ ಮುಂದೆ ತಡಕಾಡಿದರು. ಆಮೇಲೆ ಒಳಗಿನಿಂದ, "ಇದರ ಸ್ಟೇರಿಂಗನ್ನು ಯಾರು ಬಿಚ್ಚಿದ್ದು?" ಎಂದು ಕೇಳಿತು. ಅಳಿಯ ಕೈಹಿಡಿದು ಎಡಬದಿಗೆ ಕೂರಿಸಿದ. ನಾನು, ಅಳಿಯ, ಕಂಟ್ರಾಕ್ಟರು ಮೂವರೂ ಹಿಂದೆ ಸಾಮಾನು ಹಾಕುವ ತೊಟ್ಟಿಯಲ್ಲಿ ನಿಂತೆವು.

ಗಾಡಿ ಹೊರಟಿತು. ಇಂಜಿನ್ ಸದ್ದು ಏರಿದ ಕೂಡಲೇ ಮೂವತ್ತು ವರ್ಷದ ಅಭ್ಯಾಸ ಎದ್ದು ಬಂತು. ಗೇರು ಬದಲಿಸಬೇಕಲ್ಲ, ಎಡಗಾಲಿನಲ್ಲಿ ಕ್ಲಚ್ ಒತ್ತಿದರು. ಆದರೆ ಅಲ್ಲಿ ಇದ್ದದ್ದು ಅಗಲವಾದ ಬ್ರೇಕು. ಬಸ್ಸಿನ ಕ್ಲಚ್ ಒತ್ತಿದ ಕಾಲು ಎಂದರೆ ಕೇಳಬೇಕೇ? ನಾವು ಮೂವರೂ ಮುಂದೆ ಹೋಗಿ ಕ್ಯಾಬಿನ್ನಿಗೆ ಬಡಿದೆವು. ಎದ್ದು ನಿಲ್ಲುವಷ್ಟರಲ್ಲಿ ಮತ್ತೆ ಸದ್ದು ಏರಿತು, ಮತ್ತೆ ಬಡಿದೆವು. ಮನುಷ್ಯ ನಾಲ್ಕು ಗೇರನ್ನೂ ಬಿಡಲಿಲ್ಲ.

ಇಳಿದು ಬಂದು ತೀರ್ಪು ಕೊಟ್ಟರು. "ಇದು ಆಗ್ಲಿಕ್ಕಿಲ್ಲ. ಗಾಡಿ ನಾವು ಹೇಳಿದ ಹಾಗೆ ಕೇಳಬೇಕು. ಇದು ತನಗೆ ಬೇಕಾದಾಗ ನಿಲ್ತದೆ. ಷೋರೂಮಿನ ಹೊಸ ಪಿಕಪ್ಪನ್ನೇ ತೆಗೆಯುವ. ಗುರುವಾರ ನೀವು ಓಡಿಸಿ, ನಾನು ಪಕ್ಕದಲ್ಲಿ ಕೂರ್ತೇನೆ."

ಅಳಿಯನ ಹಣೆಯಲ್ಲಿ ಬುಗುಟು ಬಂದಿತ್ತು. ಬೆವರು ಅದನ್ನು ಸುತ್ತಿಕೊಂಡು ಇಳಿಯುತ್ತಿತ್ತು.

೫. ಗುರುವಾರ

ಮುಂದಿನ ಸೀಟಿನಲ್ಲಿ ಅಳಿಯ, ನಡುವೆ ಗೇರಿನ ಕೋಲಿಗೆ ತಾಗಿಕೊಂಡು ಮಾವ, ಬಾಗಿಲ ಬದಿಗೆ ನಾನು. ಷೋರೂಮಿನವನು ಹಿಂದೆ ನಿಂತ. ಆ ವಾರವೇ ಅಳಿಯ ವಿಮಾನದ ಸೀಟು ಖಚಿತ ಮಾಡಬೇಕಿತ್ತು. ಟಿಕೆಟು ಜೇಬಿನಲ್ಲೇ ಇತ್ತು.

ಕುಂಜಿಬೆಟ್ಟಿನವರೆಗೆ ಎಲ್ಲ ಸುಸೂತ್ರ. ನಾನು ಕಣ್ಣಲ್ಲೇ "ಕಾಲು ಕೆಳಗೆ" ಎನ್ನುತ್ತಿದ್ದೆ. ಮೋಡ ಕವಿದ ದಿನ, ಆದರೂ ಮಾವ "ಬಿಸಿಲು ಕಣ್ಣಿಗೆ ಹೊಡೀತದೆ" ಎಂದರು. ಅಳಿಯ ಉಳಿದ ಒಂದೇ ಕೂಲಿಂಗ್ ಗ್ಲಾಸನ್ನು ಅವರಿಗೆ ಹಾಕಿದ. ಏರು ಸಿಕ್ಕಿತು. ಮುಂದಿದ್ದ ಬಸ್ಸು ಜನ ಹತ್ತಿಸಲು ನಿಂತಿತು. ಅಳಿಯನ ಎಡಗಾಲು ಯಾವಾಗಲೋ ಮೇಲೆ ಬಂದು ಕೂತಿತ್ತು. ಹೊಸ ಗಾಡಿ ಕುಪ್ಪಳಿಸಿ ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಸತ್ತಿತು. ಕೋಲನ್ನು ಎತ್ತ ಎಳೆದರೂ ಗೇರೇ ಸಿಕ್ಕಲಿಲ್ಲ. ಹಿಂದೆ ಐದಾರು ಹಾರ್ನುಗಳು. ಅಳಿಯ ಸ್ಟೇರಿಂಗಿಗೆ ಹಣೆ ಇಟ್ಟುಬಿಟ್ಟ.

"ಮಾವ, ನನಗೆ ಗೇರು ಬರುವುದಿಲ್ಲ. ಇವರೇ ನನಗೆ ಕಲಿಸ್ತಾ ಇರುವುದು."

ಮಾವ ಗೇರಿನ ಕೋಲಿನ ತಲೆಯ ಮೇಲೆ ಅಂಗೈ ಇಟ್ಟರು. "ಒತ್ತಿ" ಎಂದರು. ಅಳಿಯ ಕ್ಲಚ್ ಒತ್ತಿದ. ಬೆಣ್ಣೆಗೆ ಕೈ ಹಾಕಿದಷ್ಟು ಸಲೀಸಾಗಿ ಮೊದಲನೇ ಗೇರು ಬಿತ್ತು. "ಮೆಲ್ಲ ಬಿಡಿ." ಗಾಡಿ ಏರು ಹತ್ತಿತು. ಇಂಜಿನ್ ಸದ್ದು ಕೇಳಿಯೇ ಅವರು "ಒತ್ತಿ", "ಬಿಡಿ" ಎನ್ನುತ್ತ ಎರಡನೆಯದು, ಮೂರನೆಯದು ಹಾಕಿದರು. ಮಣಿಪಾಲ ಬಂದದ್ದೇ ಗೊತ್ತಾಗಲಿಲ್ಲ.

ಅಲ್ಲಿ ನಿಲ್ಲಿಸಿದ ಮೇಲೆ ಕನ್ನಡಕ ತೆಗೆದು ಹೇಳಿದರು. "ನಾನು ವಯಸ್ಸಾಯಿತೆಂದು ಬಸ್ಸು ಬಿಟ್ಟದ್ದಲ್ಲ ಮಾರಾಯ್ರೆ. ಕಣ್ಣು ಹೋಗಿದೆ. ಎದುರು ಬರುವುದು ಬಸ್ಸೋ ಬಂಡೆಯೋ ಗೊತ್ತಾಗುವುದಿಲ್ಲ. ನರದ್ದಂತೆ, ರಿಪೇರಿ ಇಲ್ಲ ಅಂದಿದ್ದಾರೆ ಡಾಕ್ಟರು. ಮನೆಯಲ್ಲಿ ಹೇಳಿಲ್ಲ. ಈ ಕೈ ಎರಡು ವರ್ಷದಿಂದ ಸುಮ್ಮನೆ ಕೂತಿದೆ."

ಅಳಿಯ ಅವರ ಕೈ ಹಿಡಿದುಕೊಂಡ. ಇಬ್ಬರ ಕಣ್ಣಲ್ಲೂ ನೀರು. ನನಗೂ ಅಳು ಬರಬೇಕಿತ್ತು. ಅಷ್ಟರಲ್ಲಿ, ಹಿಂದಿನ ಭಾನುವಾರ ಇದೇ ಮನುಷ್ಯ ಗಾಡಿ ಓಡಿಸುವಾಗ ನಾನು ತೊಟ್ಟಿಯಲ್ಲಿ ನಿಂತಿದ್ದದ್ದು ನೆನಪಾಗಿ ಮೈಯೆಲ್ಲ ತಣ್ಣಗಾಯಿತು.

೬. ಕೊನೆಗೆ ತೆಗೆದದ್ದು ಯಾವುದು

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಂಟ್ರಾಕ್ಟರ ಜೊತೆ ಮಲ್ಪೆಗೆ ಮೀನಿಗೆ ಹೋಗಿದ್ದೆ. ಐಸು ತುಂಬಿದ ಪಿಕಪ್ಪೊಂದು ಬಂದು ನಿಂತಿತು. ಸ್ಟೇರಿಂಗಿನಲ್ಲಿ ಅಳಿಯ, ಪಕ್ಕದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಮಾವ, ಅವರ ಕೈ ಗೇರಿನ ಮೇಲೆ. ಅಳಿಯನನ್ನು ಬಿಟ್ಟು ವಿಮಾನ ಹೋಗಿ ಎಷ್ಟೋ ಕಾಲವಾಗಿತ್ತು. ಹೆಂಡತಿಗೆ ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ.

ಇದೊಂದೂ ಗೊತ್ತಿಲ್ಲದ ಕಂಟ್ರಾಕ್ಟರು ಕಿಟಕಿಗೆ ಬಗ್ಗಿ ಕೇಳಿದರು. "ಓಹೋ! ಕೊನೆಗೆ ಯಾವುದು ತೆಗೆದಿರಿ? ಗೇರಿನದ್ದಾ, ನನ್ನದರ ಹಾಗೆ ಆಟೋಮ್ಯಾಟಿಕ್ಕಾ?"

"ಆಟೋಮ್ಯಾಟಿಕ್ಕೇ" ಎಂದ ಅಳಿಯ. "ನಾನು ಗೇರು ಮುಟ್ಟುವುದೇ ಇಲ್ಲ."

"ಹೌದಾ? ಬ್ಯಾಟರಿ ಹೋದರೆ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ, ಜಾಗ್ರತೆ!"

ಮಾವ ಕನ್ನಡಕದ ಹಿಂದಿನಿಂದಲೇ ಹೇಳಿದರು: "ಇದಕ್ಕೆ ತಳ್ಳುವುದು ಬೇಡ ಸ್ವಾಮೀ. ಬೆಳಿಗ್ಗೆ ಒಂದು ಚಹಾ ಕೊಟ್ಟರೆ ಸಾಕು."