ಒಂದು ತಂಬಿಗೆ ಸಮುದ್ರ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಮಗಳು ಸುನಂದಾಳ ಬಾಣಂತನಕ್ಕೆಂದು ವಿಜಾಪುರದ ಕಡೆಯಿಂದ ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣಕ್ಕೆ ಬಂದಿದ್ದೆ. ಅಳಿಯನಿಗೆ ಅಲ್ಲಿಯ ಬ್ಯಾಂಕಿಗೆ ವರ್ಗವಾಗಿತ್ತು. ಅವನು ತರಬೇತಿಗೆಂದು ವಿಜಯವಾಡಕ್ಕೆ ಹೋದ ಮರುದಿನವೇ ಚಂಡಮಾರುತ ಬಂತು. ಕರೆಂಟ್ ಹೋಯಿತು, ನಳ ನಿಂತಿತು, ರೈಲೂ ನಿಂತಿತು. ಮೂರನೆಯ ದಿನ ಮನೆಯಲ್ಲಿ ಉಳಿದದ್ದು ಒಂದೇ ಕೊಡ ಸಿಹಿನೀರು. ಹಸಿ ಬಾಣಂತಿ, ಹನ್ನೆರಡು ದಿನದ ಕೂಸು. ಅವಳು ನೀರು ಕುಡಿದರೆ ಕೂಸಿಗೆ ಹಾಲು.

ಬೇಲಿಯಾಚೆ ಮೀನು ಮಾರುವ ಅಪ್ಪಲಮ್ಮನ ಮನೆ. ಅಂಗಳದಲ್ಲಿ ಬಾವಿ.

“ಪೆದ್ದಮ್ಮಾ, ಮಂಚಿನೀಳ್ಳು ಕಾವಾಲಾ? ಬಿಂದೆ ತೀಸ್ಕೊನಿ ರಾ!” ಎಂದು ಕೂಗಿದಳು.

ಕುಡಿಯುವ ನೀರು ಬೇಕಾದರೆ ಕೊಡ ತಾ ಎಂದದ್ದು ತೆಲುಗು ಬಾರದ ನನಗೂ ತಿಳಿಯಿತು.

“ಬ್ಯಾಡವಾ. ಮೀನಿನ ಕೈ ಮುಟ್ಟಿದ ಹಗ್ಗ ನಮಗ ನಡಿಯಂಗಿಲ್ಲ,” ಎಂದೆ. ಕನ್ನಡ ಬಾರದ ಅವಳಿಗೂ ತಿಳಿಯಿತು. ಒಳಗೆ ಹೋದಳು.

“ಅವ್ವಾ, ಬಾಯಿ ಒಣಗಾಕತ್ತೈತಿ. ಅಕಿ ಬಾವಿ ನೀರು ತಂದ್ರ ಏನಾಗತೈತಿ?” ಎಂದಳು ಸುನಂದಾ.

“ಎದುರಿಗೆ ಇಷ್ಟು ದೊಡ್ಡ ಸಮುದ್ರ ಬಿದ್ದೈತಿ. ನೀರಿಗಿ ಮಂದಿ ಮನಿಗೆ ಯಾಕ ಹೋಗ್ಬೇಕು?”

ಈ ಧೈರ್ಯಕ್ಕೆ ಕಾರಣವಿತ್ತು. ನಾನು ಕಲಿತದ್ದು ಎರಡನೆಯ ಇಯತ್ತೆ. ಆದರೆ ನಮ್ಮೂರ ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿ ಸಾರಾಯಿ ಇಳಿಸುವುದನ್ನು ಕಣ್ಣಾರೆ ಕಂಡವಳು! ಕುದಿಯುವ ಹಂಡೆಯ ಬಾಯಿಗೆ ತಣ್ಣೀರಿನ ಪಾತ್ರೆ ಇಡಬೇಕು. ಉಗಿ ಅದರ ತಳಕ್ಕೆ ತಾಗಿ ಹನಿಯಾಗಿ, ಒಳಗಿಟ್ಟ ಬಟ್ಟಲಿಗೆ ಬೀಳುತ್ತದೆ. ಸಮುದ್ರದ ನೀರಿಟ್ಟರೆ ಉಪ್ಪು ಹಂಡೆಯಲ್ಲೇ ಉಳಿಯುತ್ತದೆ. ಇದಕ್ಕೆ ಇಂಜಿನಿಯರು ಯಾಕೆ?

ಎರಡು ಬಕೀಟು ಸಮುದ್ರ ಹೊತ್ತು ತಂದೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಗಾಳಿಗೆ ಮುರಿದುಬಿದ್ದ ಟೊಂಗೆಗಳಿಂದ ಒಲೆ ಹಚ್ಚಿದೆ. ಹಂಡೆಯ ಬಾಯಿಗೆ ಹಿತ್ತಾಳೆ ಬೋಗಾಣಿ ಸರಿಯಾಗಿ ಕೂತಿತು. ಮಗಳ ಮದುವೆಗೆ ನಾನೇ ಕೊಟ್ಟ ಬೋಗಾಣಿ.

ಅಪ್ಪಲಮ್ಮ ಬೇಲಿಯ ಮೇಲಿಂದ ಇಣುಕಿದಳು. “ಏಂಟಿ ಪೆದ್ದಮ್ಮಾ, ಸಾರಾನಾ? ಮಾ ಆಯನಕಿ ಓ ಗ್ಲಾಸು!”

ಸಾರಾಯಿಯಾದರೆ ಅವಳ ಗಂಡನಿಗೂ ಒಂದು ಗ್ಲಾಸು ಇಡಬೇಕಂತೆ! ನಾನು ಒಲೆಗೆ ಇನ್ನೊಂದು ಟೊಂಗೆ ತುರುಕಿದೆ. ಘನ ಕಾರ್ಯ ನಡೆದಾಗ ಹರಟೆ ಸಲ್ಲದು.

ಬೋಗಾಣಿಯ ನೀರು ಮೇಲಿಂದ ಮೇಲೆ ಬಿಸಿಯಾಗುತ್ತಿತ್ತು. ಚೆಲ್ಲಿ ತಣ್ಣೀರು ತುಂಬುತ್ತಿದ್ದೆ. ಮತ್ತೆ ಬಿಸಿ, ಮತ್ತೆ ಚೆಲ್ಲು. ಹೊತ್ತು ಇಳಿಯುವಷ್ಟರಲ್ಲಿ ಬಟ್ಟಲಲ್ಲಿ ಒಂದು ತಂಬಿಗೆ ನೀರು. ನೆಕ್ಕಿ ನೋಡಿದೆ. ಉಪ್ಪಿಲ್ಲ! ಸಮುದ್ರವನ್ನು ಸೋಲಿಸಿದ ಗತ್ತಿನಲ್ಲಿ ಒಳಗೆ ಒಯ್ದೆ.

ಸುನಂದಾ ಒಂದೇ ಉಸಿರಿಗೆ ಕುಡಿದಳು. “ಇನ್ನೊಂದೀಟು ಕೊಡು. ಕೊಡದಾಗಿಂದಾದ್ರೂ ಕೊಡು.”

“ಕೊಡದಾಗ ಎಲ್ಲೈತಿ? ಬೋಗಾಣಿಗಿ ಹಾಕಿದ್ನೆಲ್ಲ.”

“ಸೀನೀರು? ಅದಕ್ಕ ಸಮುದ್ರದ ನೀರು ಹಾಕಬಾರದಿತ್ತೇನಬೇ?”

“ಹಿತ್ತಾಳಿಗೆ ಕಲಿ ಬೀಳತೈತಿ!”

“ಬಿಸಿಯಾಗಿದ್ದು ಏನ್ ಮಾಡಿದಿ?”

“ತೆಂಗಿನ ಸಸಿಗಿ ಚೆಲ್ಲಿದ್ನಿ.”

ಅವಳು ಖಾಲಿ ತಂಬಿಗೆಯನ್ನು ಕೆಳಗಿಟ್ಟಳು. “ಅವ್ವಾ, ಬಾಣಂತಿ ಕುಡಿಯೂದು ಬಿಸಿನೀರೇ ಅಲ್ಲೇನು?”

ಮೂವತ್ತು ಬಾಣಂತನ ಮಾಡಿದವಳು ನಾನು. ಬಾಣಂತಿಗೆ ತಣ್ಣೀರು ಕೊಟ್ಟ ಸೊಸೆಯಂದಿರನ್ನು ಬೈದವಳು. ಬೇಕಾದ ಬಿಸಿನೀರನ್ನು ನಾನೇ ಬೋಗಾಣಿ ಬೋಗಾಣಿ ಸುರಿದು ಸಸಿಗೆ ಬಾಣಂತನ ಮಾಡಿದ್ದೆ. ಕೊಡ ಹೋಯಿತು, ತಂಬಿಗೆ ಬಂತು! ಕೂಸು ಮೊಲೆ ಚೀಪಿ ಚೀಪಿ ಅಳುತ್ತಿತ್ತು.

ಬೋಗಾಣಿ ಮಗುಚಿ ನೋಡಿದೆ. ಹೊರಮೈ ತುಂಬ ಹೊಗೆಯ ಮಸಿ, ತಳದ ಅಂಚಿಗೆ ಉಪ್ಪಿನ ಬಿಳಿ ಕಲೆ. ಯಾವ ಕಲೆಗೆ ಹೆದರಿದ್ದೆನೋ ಅದು ಬಿದ್ದೇ ಬಿಟ್ಟಿತ್ತು!

ಮರುದಿನ ಬೆಳಗಾಗುತ್ತಲೇ ಖಾಲಿ ಕೊಡ ಹಿಡಿದು ಬೇಲಿ ಸುತ್ತಿ ಹೋದೆ. ಅಪ್ಪಲಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದಳು. “ಸಾರಾ ಎಕ್ಕಡ ಪೆದ್ದಮ್ಮಾ?” ಎಂದು ಕೇಳಿದಳು. ಸಾರಾಯಿ ಎಲ್ಲಿ ಎಂದು. ನಾನು ತಲೆ ತಗ್ಗಿಸಿ, ಅವಳ ಕೈಯ ಹಗ್ಗ ಇಸಿದುಕೊಂಡು ನೀರು ಸೇದಿದೆ.